ಕೋಡ್‌ಗೆ ಗಿಟ್ ಇದೆ, ಡೇಟಾಬೇಸ್‌ಗೆ ಏನಿದೆ?

(ಈ ವಾರದ ಪಾಡ್‌ಕಾಸ್ಟ್‌ನ ಲಿಖಿತ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಿ ಅಂದ್ಕೊಂಡಿದ್ದೀನಿ. ಇವತ್ತು ಸ್ವಲ್ಪ ನಮ್ಮ ಕಸುಬಿನ ವಿಷಯ ಮಾತಾಡೋಣ. ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ, ಸೇರಬೇಕು ಅಂತಿರೋರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತೆ. ಉಳಿದವರಿಗೆ, ನೀವು ದಿನಾ ಬಳಸೋ ಆ್ಯಪ್‌ಗಳ ಹಿಂದೆ ಏನೇನು ಎಡವಟ್ಟು ಆಗಬಹುದು ಅಂತ ಗೊತ್ತಾಗುತ್ತೆ.

ಮೊದಲು ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಬೆಂಗಳೂರಲ್ಲಿ ಆರು ಜನರ ಸಣ್ಣ ತಂಡ. ನಾವು ಬರೀತಿದ್ದದ್ದು ಹಾಲು ಸಂಗ್ರಹಣೆಯ ಸಾಫ್ಟ್‌ವೇರ್. ಹಳ್ಳಿಯ ಡೈರಿಯಲ್ಲಿ ಬೆಳಿಗ್ಗೆ, ಸಂಜೆ ಹಾಲು ಹಾಕ್ತಾರಲ್ಲ, ಆಗ ಯಂತ್ರ ಹಾಲಿನ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಅಳೆಯುತ್ತೆ. ಅದರ ಮೇಲೆ ಲೀಟರಿಗೆ ದರ. ಒಂದು ಚೀಟಿ ಬರುತ್ತೆ. ಆ ಲೆಕ್ಕ ನಮ್ಮ ಸರ್ವರ್‌ಗೆ ಬಂದು, ಹತ್ತು ದಿನಕ್ಕೊಮ್ಮೆ ಬಟವಾಡೆ ಆಗುತ್ತೆ.

ನಮ್ಮ ಡೇಟಾಬೇಸ್‌ನಲ್ಲಿ ಫ್ಯಾಟ್ ಅನ್ನೋ ಕಾಲಂ ಇತ್ತು. ದಶಮಾಂಶದ ನಂತರ ಒಂದೇ ಅಂಕಿ ಹಿಡಿಯುವಷ್ಟು ಜಾಗ. 4.3, 4.4, ಹೀಗೆ. ಆಮೇಲೆ ಹೊಸ ಯಂತ್ರಗಳು ಬಂದವು, ಅವು 4.34 ಅಂತ ಎರಡು ಅಂಕಿ ಕೊಡೋಕೆ ಶುರು ಮಾಡಿದವು. ಒಂದು ಸಂಜೆ ಫೋನ್ ಬಂತು, 'ಕಾಲಂ ದೊಡ್ಡದು ಮಾಡಪ್ಪ, ಅರ್ಜೆಂಟು' ಅಂತ. ನಾನು ಪ್ರೊಡಕ್ಷನ್ ಡೇಟಾಬೇಸ್‌ಗೆ ನೇರವಾಗಿ ಲಾಗಿನ್ ಆದೆ, ಒಂದು ಸಾಲಿನ ಆಲ್ಟರ್ ಟೇಬಲ್ ಓಡಿಸಿದೆ, ಲಾಗೌಟ್ ಆದೆ. ಎರಡು ನಿಮಿಷದ ಕೆಲಸ. ಎಲ್ಲೂ ಬರೆದಿಡಲಿಲ್ಲ. ಕೆಲಸ ಆಯ್ತಲ್ಲ, ಇನ್ನೇನು ಅಂತ.

ಮೂರು ತಿಂಗಳ ನಂತರ ನಾವು ಹೊಸ ಸರ್ವರ್‌ಗೆ ಹೋದೆವು. ಹೊಸ ಡೇಟಾಬೇಸ್ ಕಟ್ಟೋಕೆ ಏನು ಬಳಸಿದೆವು? ಗಿಟ್‌ನಲ್ಲಿದ್ದ ಹಳೇ ಸ್ಕೀಮಾ ಫೈಲ್. ಅದರಲ್ಲಿ ಫ್ಯಾಟ್ ಕಾಲಂಗೆ ಇನ್ನೂ ಒಂದೇ ದಶಮಾಂಶ. ಯಂತ್ರ 4.34 ಅಂತ ಕಳಿಸ್ತಾ ಇತ್ತು, ಡೇಟಾಬೇಸ್ 4.3 ಅಂತ ಬರ್ಕೊಳ್ತಾ ಇತ್ತು. ಎರರ್ ಏನೂ ಇಲ್ಲ. ದಶಮಾಂಶ ಜಾಸ್ತಿ ಇದ್ದರೆ ಮೈಎಸ್‌ಕ್ಯೂಎಲ್ ಆಗಲಿ, ಪೋಸ್ಟ್‌ಗ್ರೆಸ್ ಆಗಲಿ, ತಾನೇ ರೌಂಡ್ ಮಾಡಿಕೊಂಡು ಮುಂದೆ ಹೋಗುತ್ತದೆ. ನಾವು ಒಟ್ಟು ಮೊತ್ತ ತಾಳೆ ನೋಡಿದ್ದೆವು. ಕೆಲವರದು ಮೇಲಕ್ಕೆ ರೌಂಡ್ ಆಗಿತ್ತು, ಕೆಲವರದು ಕೆಳಕ್ಕೆ. ಒಟ್ಟು ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಸರಿ ಇದೆ ಅಂದುಕೊಂಡು ಬಟವಾಡೆ ಮಾಡಿಬಿಟ್ಟೆವು.

ಕಂಡುಹಿಡಿದವರು ಯಾರು ಗೊತ್ತಾ? ಮಂಡ್ಯ ಕಡೆ ಹಳ್ಳಿಯ ಒಬ್ಬ ಅಜ್ಜಿ. ಎರಡು ಹಸು. ದಿನಕ್ಕೆ ಹನ್ನೆರಡು ಲೀಟರ್ ಹಾಲು ಹಾಕ್ತಿದ್ದರು. ಪ್ರತಿ ಚೀಟಿನೂ ಒಂದು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದರು. ಬಟವಾಡೆ ದಿನ ಮೊಮ್ಮಗಳ ಕೈಲಿ ಚೀಟಿ ಓದಿಸಿ, ಡೈರಿಗೆ ಬಂದು ಕೇಳಿದರು. 'ಚೀಟೀಲಿ ಒಂದು ಐತೆ, ಬಿಲ್ಲಲ್ಲಿ ಇನ್ನೊಂದು ಐತೆ, ಯಾಕಪ್ಪಾ?' ಅವರ ಹಾಲು ಹೆಚ್ಚಿನ ದಿನ 4.32, 4.34 ಹೀಗೆ ಬರ್ತಿತ್ತು, ಎಲ್ಲ ಕೆಳಕ್ಕೇ ಇಳಿದಿತ್ತು. ಅವರಿಗೆ ಕಡಿಮೆ ಬಂದಿದ್ದು ಒಂಬತ್ತು ರೂಪಾಯಿ. ಪಕ್ಕದ ಮನೆಯವರ ಹಾಲು 4.36, 4.37. ಅವರಿಗೆ ಜಾಸ್ತಿ ಬಂದಿತ್ತು. ಅವರು ಸುಮ್ಮನಿದ್ದರು ಅನ್ನಿ.

ಒಂಬತ್ತು ರೂಪಾಯಿ ತಾನೇ ಅನ್ನಬೇಡಿ. ಹಾಲಿನ ಲೆಕ್ಕದಲ್ಲಿ ಮೋಸ ಆಯ್ತು ಅಂತ ಒಂದು ಮಾತು ಊರಲ್ಲಿ ಹುಟ್ಟಿದರೆ ಸಾಕು, ಮಾರನೇ ದಿನ ಕ್ಯಾನ್ ಬೇರೆ ಕಡೆ ಹೋಗುತ್ತೆ. ಡೈರಿ ಕಾರ್ಯದರ್ಶಿ ಮೇಲೆ ಅನುಮಾನ ಬರುತ್ತೆ. ಅವರು ಏನೂ ಮಾಡಿರಲಿಲ್ಲ, ಆದರೆ ಎರಡು ದಿನ ಜನರ ಬೈಗುಳ ಕೇಳಿದವರು ಅವರೇ. ಮಾಡಿದವನು ನಾನು, ಬೆಂಗಳೂರಲ್ಲಿ ಎಸಿ ಕೆಳಗೆ ಕೂತಿದ್ದೆ.

ಸರಿ ಮಾಡೋಕೆ ಹೊರಟಾಗ ಇನ್ನೊಂದು ಸಮಸ್ಯೆ. ರೌಂಡ್ ಆಗಿ ಹೋದ ಅಂಕಿ ಡೇಟಾಬೇಸ್‌ನಲ್ಲಿ ಇನ್ನೆಲ್ಲೂ ಇಲ್ಲ. ಕೆಲವು ಕೇಂದ್ರಗಳಲ್ಲಿ ಯಂತ್ರದ ಮೆಮೊರಿಯಲ್ಲಿ ಸಿಕ್ಕಿತು. ಉಳಿದ ಕಡೆ ಜನರ ಹತ್ತಿರ ಇದ್ದ ಚೀಟಿಗಳನ್ನೇ ಫೋಟೋ ತೆಗೆಸಿ ತರಿಸಿ, ನಾಲ್ಕು ಜನ ಕೂತು ಮೂರು ದಿನ ಟೈಪ್ ಮಾಡಿದೆವು. ಆಗ ನನಗೆ ಅನಿಸಿದ್ದು ಇಷ್ಟೇ. ಆ ಅಜ್ಜಿ ಹತ್ತಿರ ದಿನವಾರು ದಾಖಲೆ ಇತ್ತು. ಸಾಫ್ಟ್‌ವೇರ್ ಕಂಪನಿ ಅಂತ ಬೋರ್ಡ್ ಹಾಕ್ಕೊಂಡಿದ್ದ ನಮ್ಮ ಹತ್ತಿರ ಇರಲಿಲ್ಲ.

ನಮ್ಮ ಕೋಡ್ ಮಾತ್ರ ಅಚ್ಚುಕಟ್ಟಾಗಿ ಗಿಟ್‌ನಲ್ಲಿತ್ತು. ಯಾರು, ಯಾವಾಗ, ಯಾವ ಸಾಲು ಬದಲಿಸಿದರು, ಎಲ್ಲ ಗೊತ್ತಾಗ್ತಿತ್ತು. ಡೇಟಾಬೇಸ್‌ಗೆ ಮಾತ್ರ ಯಾವ ಚರಿತ್ರೆಯೂ ಇರಲಿಲ್ಲ. ಇವತ್ತಿನ ಮಾತು ಈ ಎರಡರ ಬಗ್ಗೆ.

ಮೊದಲು ಕೋಡ್‌ನ ಕಥೆ

ವರ್ಷನ್ ಕಂಟ್ರೋಲ್ ಹೊಸದೇನಲ್ಲ. 1972ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬವರು ಎಸ್‌ಸಿಸಿಎಸ್ ಎನ್ನುವ ಸಾಧನ ಬರೆದಿದ್ದರು. ಫೈಲ್‌ನ ಪ್ರತಿ ಬದಲಾವಣೆಯನ್ನೂ ಉಳಿಸಿಕೊಂಡು ಹೋಗುವುದು ಅದರ ಕೆಲಸ. ಮುಂದೆ ಸಿವಿಎಸ್ ಬಂತು. 2000ದಲ್ಲಿ ಸಬ್‌ವರ್ಷನ್ ಕೆಲಸ ಶುರುವಾಯಿತು, ನಾವು ಎಸ್‌ವಿಎನ್ ಅಂತೀವಲ್ಲ, ಅದು. ಇದರಲ್ಲಿ ಒಂದು ಕೇಂದ್ರ ಸರ್ವರ್ ಇರುತ್ತದೆ, ಎಲ್ಲರೂ ಅಲ್ಲಿಂದ ತೆಗೆದುಕೊಂಡು ಅಲ್ಲಿಗೇ ಒಪ್ಪಿಸಬೇಕು.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ತಂಡ ಅಲ್ಲಿಯವರೆಗೆ ಬಿಟ್‌ಕೀಪರ್ ಅನ್ನೋ ಖಾಸಗಿ ಸಾಧನ ಬಳಸ್ತಿತ್ತು. ಅದನ್ನು ಪುಕ್ಕಟೆಯಾಗಿ ಬಳಸುವ ಅವಕಾಶ ನಿಂತುಹೋಯಿತು. ಆಗ ಲಿನಸ್ ಟೊರ್ವಾಲ್ಡ್ಸ್ ತಾವೇ ಒಂದು ಬರೆದರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡ್ ಗಿಟ್‌ನಲ್ಲೇ ಕೂತಿತು. ಅದೇ ಜುಲೈನಲ್ಲಿ ಜೂನಿಯೊ ಹಮಾನೊ ಅದರ ಉಸ್ತುವಾರಿ ವಹಿಸಿಕೊಂಡರು. ಗಿಟ್‌ನ ಮುಖ್ಯ ಗುಣ ಏನಪ್ಪಾ ಅಂದ್ರೆ, ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಚರಿತ್ರೆ ಇರುತ್ತೆ. ನೆಟ್ ಇಲ್ಲದಿದ್ದರೂ ಕಮಿಟ್ ಮಾಡಬಹುದು. ಬ್ರ್ಯಾಂಚ್ ಮಾಡೋದು ಕ್ಷಣದ ಕೆಲಸ.

ಹಾಗಾದರೆ ಎಲ್ಲರೂ ಕಣ್ಣು ಮುಚ್ಚಿ ಗಿಟ್ ತಗೋಬೇಕಾ? ಹತ್ತರಲ್ಲಿ ಒಂಬತ್ತು ತಂಡಗಳಿಗೆ ಹೌದು ಅಂತೀನಿ ನಾನು. ಕಾರಣ ಬರೀ ಗುಣ ಅಲ್ಲ. ನೀವು ಕೆಲಸಕ್ಕೆ ತಗೊಳ್ಳೋ ಹುಡುಗ, ಹುಡುಗಿಗೆ ಅದು ಮೊದಲೇ ಬಂದಿರುತ್ತೆ. ಗಿಟ್‌ಹಬ್, ಗಿಟ್‌ಲ್ಯಾಬ್ ಥರದ ಜಾಗಗಳು, ತಾನಾಗೇ ಟೆಸ್ಟ್ ಓಡಿಸುವ ವ್ಯವಸ್ಥೆಗಳು, ಎಲ್ಲ ಅದರ ಸುತ್ತಲೇ ಬೆಳೆದಿವೆ.

ಆದರೆ ಆ ಉಳಿದ ಒಂದು ತಂಡ ಇದೆಯಲ್ಲ, ಅದನ್ನು ಮರೆಯಬಾರದು. ಗೇಮ್ ಮಾಡುವ ಸ್ಟುಡಿಯೋ ತಗೊಳ್ಳಿ. ಅಲ್ಲಿ ಕೋಡ್‌ಗಿಂತ ಚಿತ್ರ, ತ್ರೀಡಿ ಮಾಡೆಲ್, ಧ್ವನಿ ಫೈಲ್‌ಗಳೇ ಜಾಸ್ತಿ. ಇಬ್ಬರು ಕಲಾವಿದರು ಒಂದೇ ಮಾಡೆಲ್ ತಿದ್ದಿದರೆ ಎರಡನ್ನೂ ಸಾಲು ಸಾಲಾಗಿ ಮರ್ಜ್ ಮಾಡೋಕೆ ಆಗಲ್ಲ. 'ಇದನ್ನ ನಾನು ತಿದ್ದುತ್ತಿದ್ದೀನಿ, ಯಾರೂ ಮುಟ್ಟಬೇಡಿ' ಅಂತ ಲಾಕ್ ಹಾಕೋ ಸೌಲಭ್ಯ ಬೇಕು. ಅದಕ್ಕೇ ಅಂಥ ಕಡೆ ಪರ್ಫೋರ್ಸ್ ಬಳಸುತ್ತಾರೆ. ಗಿಟ್‌ಗೂ ಎಲ್‌ಎಫ್‌ಎಸ್ ಅಂತ ಒಂದು ವಿಸ್ತರಣೆ ಇದೆ. ದೊಡ್ಡ ಫೈಲ್ ಬೇರೆ ಕಡೆ ಇಟ್ಟು, ಗಿಟ್ ಒಳಗೆ ಅದರ ವಿಳಾಸ ಮಾತ್ರ ಇಡುತ್ತೆ.

ಇನ್ನೊಂದು ಮಜಾ ವಿಷಯ. ನಿಮ್ಮ ಫೋನ್‌ನಲ್ಲಿ ಈಗ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಓಡ್ತಾ ಇದೆ. ಆಂಡ್ರಾಯ್ಡ್‌ನಲ್ಲೂ ಇದೆ, ಐಫೋನ್‌ನಲ್ಲೂ ಇದೆ. ಅದರ ಕೋಡ್ ಇರೋದು ಗಿಟ್‌ನಲ್ಲಿ ಅಲ್ಲ! ಅದನ್ನು ಬರೆದ ರಿಚರ್ಡ್ ಹಿಪ್ ಅವರೇ ಫಾಸಿಲ್ ಅಂತ ಬೇರೆ ವರ್ಷನ್ ಕಂಟ್ರೋಲ್ ಬರೆದುಕೊಂಡಿದ್ದಾರೆ. ಬಗ್ ಪಟ್ಟಿ, ವಿಕಿ, ಕೋಡ್, ಎಲ್ಲ ಒಂದರಲ್ಲೇ. ಅದು ತನ್ನ ಚರಿತ್ರೆಯನ್ನೆಲ್ಲ ಎಸ್‌ಕ್ಯೂಲೈಟ್ ಫೈಲ್‌ನಲ್ಲೇ ಇಡುತ್ತೆ. ಅವರದು ಚಿಕ್ಕ, ಒಬ್ಬರನ್ನೊಬ್ಬರು ನಂಬಿದ ತಂಡ, ಆ ತಂಡಕ್ಕೆ ಅದು ಸರಿ. ಬೇರೆಯವರು ಏನು ಬಳಸ್ತಾರೆ ಅನ್ನೋದಕ್ಕಿಂತ ನಮ್ಮ ಫೈಲ್ ಎಂಥವು, ನಮ್ಮ ಜನ ಎಂಥವರು ಅಂತ ಅವರು ನೋಡಿದರು.

ಡೇಟಾಬೇಸ್ ಯಾಕೆ ಬೇರೆ?

ಈಗ ಕಷ್ಟದ ಭಾಗಕ್ಕೆ ಬರೋಣ. ಕೋಡ್‌ನಲ್ಲಿ ತಪ್ಪಾದರೆ ಹಿಂದಿನ ವರ್ಷನ್ ಹಾಕಿದರೆ ಮುಗೀತು. ಹಳೇ ಫೈಲ್ ತೆಗೆದು ಹೊಸ ಫೈಲ್, ಹೊಸದು ತೆಗೆದು ಹಳೇದು. ಡೇಟಾಬೇಸ್ ಹಾಗಲ್ಲ, ಅದರೊಳಗೆ ಜನರ ಲೆಕ್ಕ ಇದೆ. ಖಾಲಿ ಮನೆ ಗೋಡೆ ಒಡೆಯೋದು ಒಂದು, ಸಂಸಾರ ಇರೋ ಮನೆ ಗೋಡೆ ಒಡೆಯೋದು ಇನ್ನೊಂದು. ಒಂದು ಕಾಲಂ ತೆಗೆದುಹಾಕಿ, 'ಅಯ್ಯೋ ಬೇಕಿತ್ತು' ಅಂತ ವಾಪಸ್ ಹಾಕಿದರೆ ಕಾಲಂ ಬರುತ್ತೆ, ಒಳಗಿದ್ದ ಮಾಹಿತಿ ಬರಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಿರಬೇಕಾದ ಒಂದು ನಿಜ ಪ್ರಸಂಗ ಹೇಳ್ತೀನಿ. 2017ರ ಜನವರಿ 31. ಗಿಟ್‌ಲ್ಯಾಬ್ ಕಂಪನಿ. ಗೊತ್ತಲ್ಲ, ಬೇರೆಯವರ ಕೋಡ್ ಜೋಪಾನ ಮಾಡೋದೇ ಅವರ ಕೆಲಸ. ಅವರ ಡೇಟಾಬೇಸ್‌ಗೆ ಎರಡು ಸರ್ವರ್, ಒಂದು ಮುಖ್ಯ, ಇನ್ನೊಂದು ಅದರ ನಕಲು. ನಕಲು ಹಿಂದೆ ಬೀಳ್ತಿತ್ತು. ರಾತ್ರಿ ಹೊತ್ತು ಒಬ್ಬ ಎಂಜಿನಿಯರ್ ಅದನ್ನು ಸರಿ ಮಾಡೋಕೆ ನಕಲು ಸರ್ವರ್‌ನ ಫೋಲ್ಡರ್ ಅಳಿಸಲು ಹೊರಟರು. ಆದರೆ ಕಮಾಂಡ್ ಓಡಿಸಿದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು.

ಬ್ಯಾಕಪ್ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು, ಒಂದಲ್ಲ, ಹಲವು. ಆದರೆ ದಿನಾ ತೆಗೆಯಬೇಕಿದ್ದ ಬ್ಯಾಕಪ್ ಇಡುವ ಜಾಗ ನೋಡಿದರೆ ಖಾಲಿ! ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯೋ ಸಾಧನ 9.2. ಎರಡಕ್ಕೂ ಹೊಂದಾಣಿಕೆ ಆಗದೆ ಅದು ವಿಫಲ ಆಗ್ತಾನೇ ಇತ್ತು. ವಿಫಲ ಆಯ್ತು ಅಂತ ಹೇಳಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕಾಪಾಡಿದ್ದು, ಆರು ಗಂಟೆ ಮುಂಚೆ ಬೇರೆ ಯಾವುದೋ ಪರೀಕ್ಷೆಗೆ ಅಂತ ಅದೇ ಎಂಜಿನಿಯರ್ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಗಳ ಮಾಹಿತಿ ಹೋಯಿತು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಜನರ ಕೋಡ್ ಹೋಗಲಿಲ್ಲ. ಅದು ಗಿಟ್ ರೂಪದಲ್ಲಿ ಬೇರೆ ಕಡೆ ಇತ್ತು. ಹೋಗಿದ್ದು ಡೇಟಾಬೇಸ್‌ನಲ್ಲಿದ್ದ ಕಾಮೆಂಟ್, ಬಗ್ ಪಟ್ಟಿ, ಹೊಸ ಖಾತೆಗಳು. ಎರಡು, ಅವರು ಮುಚ್ಚಿಡಲಿಲ್ಲ. ಸರಿ ಮಾಡುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು, ಆಮೇಲೆ ಏನೇನು ತಪ್ಪಾಯಿತು ಅಂತ ಸಾಲು ಸಾಲಾಗಿ ಬರೆದು ಪ್ರಕಟಿಸಿದರು. ಎಂಜಿನಿಯರ್ ಒಬ್ಬರನ್ನೇ ಬಲಿ ಕೊಡಲಿಲ್ಲ. ಅದಕ್ಕೇ ಇವತ್ತು ನಾನು ನಿಮಗೆ ಇಷ್ಟು ವಿವರವಾಗಿ ಹೇಳೋಕೆ ಆಗ್ತಿದೆ.

ಮೈಗ್ರೇಶನ್ ಅಂದರೆ ಏನು?

ನನ್ನ ಆ ಒಂದು ಸಾಲಿನ ಆಲ್ಟರ್ ಟೇಬಲ್ ನೆನಪಿದೆಯಲ್ಲ? ಅದನ್ನು ನಾನು ಕೈಯಲ್ಲಿ ಓಡಿಸುವ ಬದಲು ಒಂದು ಫೈಲ್‌ನಲ್ಲಿ ಬರೆದು, ಗಿಟ್‌ಗೆ ಹಾಕಿ, ಒಂದು ಸಾಧನದ ಮೂಲಕ ಓಡಿಸಿದರೆ ಅದಕ್ಕೆ ಮೈಗ್ರೇಶನ್ ಅಂತಾರೆ. ಇಷ್ಟೇ. ಪ್ರತಿ ಫೈಲ್‌ಗೆ ಒಂದು ಕ್ರಮಸಂಖ್ಯೆ. ಸಾಧನ ನಿಮ್ಮ ಡೇಟಾಬೇಸ್ ಒಳಗೇ ಒಂದು ಚಿಕ್ಕ ಟೇಬಲ್ ಇಟ್ಟುಕೊಳ್ಳುತ್ತದೆ. ಯಾವ ಯಾವ ಫೈಲ್ ಓಡಿತು, ಯಾವಾಗ, ಸರಿಯಾಗಿ ಮುಗಿಯಿತೇ ಎಂದು ಅದರಲ್ಲಿ ಬರೆಯುತ್ತದೆ. ಹೊಸ ಸರ್ವರ್ ಸಿಕ್ಕರೆ ಒಂದನೇ ಫೈಲ್‌ನಿಂದ ಕೊನೆಯವರೆಗೆ ಎಲ್ಲ ಓಡಿಸುತ್ತದೆ. ಹಳೇ ಸರ್ವರ್ ಆದರೆ ಬಾಕಿ ಉಳಿದದ್ದನ್ನು ಮಾತ್ರ. ಹೀಗಿದ್ದಿದ್ದರೆ ಅಜ್ಜಿಯ ಒಂಬತ್ತು ರೂಪಾಯಿ ಹೋಗುತ್ತಲೇ ಇರಲಿಲ್ಲ.

ಇನ್ನೊಂದು ದಾರಿಯೂ ಇದೆ. 'ಕೊನೆಗೆ ಟೇಬಲ್ ಹೀಗಿರಬೇಕು' ಅಂತ ಮಾತ್ರ ನಾವು ಬರೆಯೋದು, ಈಗಿರುವುದಕ್ಕೂ ಬೇಕಿರುವುದಕ್ಕೂ ಏನು ವ್ಯತ್ಯಾಸ ಅಂತ ಸಾಧನವೇ ಕಂಡುಹಿಡಿದು ಬದಲಿಸೋದು. ಅಟ್ಲಸ್‌ನಂಥ ಸಾಧನಗಳಲ್ಲಿ ಹೀಗೆ ಮಾಡಬಹುದು. ನೋಡೋಕೆ ಚೆಂದ. ಆದರೆ ಒಂದು ಅಪಾಯ ಇದೆ. ನೀವು 'ಫೋನ್' ಅನ್ನೋ ಕಾಲಂ ಹೆಸರನ್ನು 'ಮೊಬೈಲ್' ಅಂತ ಬದಲಿಸಿದಿರಿ ಅನ್ನಿ. ಹೆಸರು ಬದಲಾಯ್ತು ಅಂತ ಸಾಧನಕ್ಕೆ ಹೇಗೆ ಗೊತ್ತಾಗಬೇಕು? ಫೋನ್ ಹೋಯಿತು, ಮೊಬೈಲ್ ಬಂತು ಅಂದುಕೊಂಡು ಹಳೆಯದನ್ನು ಅಳಿಸಿ ಹೊಸದು ಸೇರಿಸಬಹುದು. ಎಲ್ಲರ ನಂಬರ್ ಗೋವಿಂದ. ಅದಕ್ಕೇ ಈ ದಾರಿ ಹಿಡಿದರೆ, ಸಾಧನ ಏನು ಮಾಡಲು ಹೊರಟಿದೆ ಅನ್ನೋದನ್ನು ಮನುಷ್ಯರೊಬ್ಬರು ಓದಿ ಒಪ್ಪಲೇಬೇಕು.

ಯಾವ ಸಾಧನ ಆರಿಸೋದು?

ಈಗ ನಿಮ್ಮಲ್ಲಿ ಹೆಚ್ಚಿನವರು ಕಾಯ್ತಿರೋ ಪ್ರಶ್ನೆ. ಹೆಸರುಗಳು ಬೇಕಾದಷ್ಟಿವೆ. ನಾನು ನಾಲ್ಕು ಪ್ರಶ್ನೆ ಕೊಡ್ತೀನಿ, ಅದಕ್ಕೆ ಉತ್ತರ ಬರೆದರೆ ಹೆಸರು ತಾನಾಗೇ ಸಿಗುತ್ತೆ.

ಮೊದಲನೇ ಪ್ರಶ್ನೆ, ನಿಮ್ಮ ಡೇಟಾಬೇಸ್‌ನ ಎಷ್ಟು ಪ್ರೋಗ್ರಾಂ ಬಳಸುತ್ತವೆ? ಒಂದೇ ಅಪ್ಲಿಕೇಶನ್, ಅದೂ ಜ್ಯಾಂಗೋನಲ್ಲೋ ರೈಲ್ಸ್‌ನಲ್ಲೋ ಲಾರಾವೆಲ್‌ನಲ್ಲೋ ಇದ್ದರೆ ಹೊರಗಿನ ಸಾಧನ ಹುಡುಕಬೇಡಿ. ಅದರ ಜೊತೆಗೇ ಮೈಗ್ರೇಶನ್ ಬರುತ್ತೆ. ಜ್ಯಾಂಗೋದಲ್ಲಿ 2014ರ 1.7ನೇ ಆವೃತ್ತಿಯಿಂದ ಅದು ಒಳಗೇ ಇದೆ. ಆದರೆ ಒಂದೇ ಡೇಟಾಬೇಸ್‌ನ ಜಾವಾ, ಪಿಎಚ್‌ಪಿ, ಪೈಥಾನ್ ಮೂರೂ ಮುಟ್ಟುತ್ತಿದ್ದರೆ ಯಾವುದೋ ಒಂದು ಭಾಷೆಗೆ ಕಟ್ಟಿಹಾಕಬೇಡಿ. ಎಲ್ಲಕ್ಕೂ ಹೊರಗೆ ನಿಲ್ಲುವ ಸಾಧನ ತಗೊಳ್ಳಿ.

ಎರಡನೇದು, ನಿಮ್ಮ ತಂಡ ಎಸ್‌ಕ್ಯೂಎಲ್ ಓದುತ್ತಾ? ಓದುತ್ತೆ ಅಂದ್ರೆ ಫ್ಲೈವೇ ಸುಲಭ. 2010ರಲ್ಲಿ ಆಕ್ಸೆಲ್ ಫಾಂಟೇನ್ ಶುರು ಮಾಡಿದ್ದು, 2019ರಲ್ಲಿ ರೆಡ್‌ಗೇಟ್ ಕಂಪನಿ ಅದನ್ನು ಕೊಂಡಿತು. ವಿ ಅಕ್ಷರ, ಒಂದು ಸಂಖ್ಯೆ, ಎರಡು ಅಂಡರ್‌ಸ್ಕೋರ್, ಏನು ಬದಲಾವಣೆ ಅನ್ನೋ ಹೆಸರು, ಇಷ್ಟು ಫೈಲ್‌ನ ಹೆಸರಲ್ಲಿ. ಒಳಗೆ ಶುದ್ಧ ಎಸ್‌ಕ್ಯೂಎಲ್. ಒಮ್ಮೆ ಓಡಿದ ಫೈಲ್‌ನ ಆಮೇಲೆ ಯಾರಾದರೂ ಗುಟ್ಟಾಗಿ ತಿದ್ದಿದರೆ ಚೆಕ್‌ಸಮ್ ತಾಳೆ ಆಗದೆ ನಿಂತುಬಿಡುತ್ತೆ. ಒಳ್ಳೇದೇ.

ಮೂರನೇದು, ಎಷ್ಟು ಬಗೆಯ ಡೇಟಾಬೇಸ್? ನಿಮ್ಮ ಒಬ್ಬ ಗ್ರಾಹಕ ಒರಾಕಲ್, ಇನ್ನೊಬ್ಬ ಪೋಸ್ಟ್‌ಗ್ರೆಸ್, ಮತ್ತೊಬ್ಬ ಎಸ್‌ಕ್ಯೂಎಲ್ ಸರ್ವರ್ ಅಂತಿದ್ದರೆ ಲಿಕ್ವಿಬೇಸ್ ನೋಡಿ. 2006ರಲ್ಲಿ ನೇಥನ್ ವಾಕ್ಸ್‌ಲ್ಯಾಂಡ್ ಶುರು ಮಾಡಿದ್ದು. ಬದಲಾವಣೆಯನ್ನು ಎಕ್ಸ್‌ಎಂಎಲ್, ಯಾಮಲ್ ಅಥವಾ ಜೇಸನ್‌ನಲ್ಲಿ ಬರೆದರೆ ಆಯಾ ಡೇಟಾಬೇಸ್‌ಗೆ ತಕ್ಕ ಎಸ್‌ಕ್ಯೂಎಲ್ ಅದೇ ತಯಾರಿಸುತ್ತೆ. ಬೇಕಾದರೆ ನೇರ ಎಸ್‌ಕ್ಯೂಎಲ್ ಕೂಡ ಬರೆಯಬಹುದು. ಕಲಿಯೋದು ಸ್ವಲ್ಪ ಜಾಸ್ತಿ.

ನಾಲ್ಕನೇದು, ಅರ್ಧಕ್ಕೆ ನಿಂತರೆ ಏನಾಗುತ್ತೆ? ಇದನ್ನ ಯಾರೂ ಕೇಳಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆಗಳನ್ನು ಹೆಚ್ಚುಕಡಿಮೆ ಎಲ್ಲ ಒಂದೇ ಟ್ರಾನ್ಸಾಕ್ಷನ್ ಒಳಗೆ ಇಡಬಹುದು. ಐದರಲ್ಲಿ ಮೂರನೇದು ವಿಫಲ ಆದರೆ ಮೊದಲಿನ ಎರಡೂ ವಾಪಸ್. ಮೈಎಸ್‌ಕ್ಯೂಎಲ್‌ನಲ್ಲಿ ಹಾಗಿಲ್ಲ. ಒಂದೊಂದು ಆಲ್ಟರ್ ಟೇಬಲ್‌ಗೂ ತಾನೇ ಕಮಿಟ್ ಆಗಿಬಿಡುತ್ತೆ. ಮೂರನೇದು ವಿಫಲ ಆದರೆ ಎರಡು ಆಗಿ, ಮೂರು ಆಗದೆ, ನಡುನೀರಲ್ಲಿ ನಿಲ್ತೀರಿ. ಸಾಧನ ಎಷ್ಟೇ ಚೆನ್ನಾಗಿದ್ದರೂ ಇದನ್ನು ಬದಲಿಸೋಕೆ ಆಗಲ್ಲ. ಹಾಗಾಗಿ ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಫೈಲ್‌ಗೆ ಒಂದೇ ಬದಲಾವಣೆ ಇಡಿ.

ಇದರ ಜೊತೆ ಲೈಸೆನ್ಸ್ ಓದಿ. ಪುಕ್ಕಟೆ ಆವೃತ್ತಿಯಲ್ಲಿ ಏನಿದೆ, ದುಡ್ಡು ಕೊಟ್ಟರೆ ಏನು ಸಿಗುತ್ತೆ ಅಂತ ನೋಡಿ. ಫ್ಲೈವೇಯಲ್ಲಿ ಅನ್‌ಡೂ ಸೌಲಭ್ಯ ಹಣ ಕೊಡುವ ಆವೃತ್ತಿಯಲ್ಲಿದೆ. ಹಾಗಂತ ಅನ್‌ಡೂಗೋಸ್ಕರವೇ ದುಡ್ಡು ಸುರಿಯೋ ಮುಂಚೆ ಯೋಚಿಸಿ. ಅಳಿಸಿದ ಕಾಲಂನ ಮಾಹಿತಿ ಯಾವ ಅನ್‌ಡೂಗೂ ಸಿಗಲ್ಲ. ಅದು ಸಿಗೋದು ಬ್ಯಾಕಪ್‌ನಲ್ಲಿ, ಅದೂ ಬ್ಯಾಕಪ್ ನಿಜವಾಗ್ಲೂ ಇದ್ದರೆ.

ನಾವು ಆರಿಸಿದ್ದು

ನಮ್ಮ ತಂಡದಲ್ಲಿ ಒಂದು ವಾರ ಜಗಳ ಆಯ್ತು. ನಮ್ಮದು ಹಳೇ ಪಿಎಚ್‌ಪಿ ಒಂದು, ಬಟವಾಡೆ ಲೆಕ್ಕದ ಜಾವಾ ಒಂದು, ಎರಡಕ್ಕೂ ಒಂದೇ ಮೈಎಸ್‌ಕ್ಯೂಎಲ್. ಒಬ್ಬರಿಗೆ ಲಿಕ್ವಿಬೇಸ್ ಬೇಕಿತ್ತು. ನಮ್ಮ ತಂಡದ ಹಿರಿಯರೊಬ್ಬರು, ಮೇಡಂ ಅಂತಲೇ ಕರೀತಿದ್ವಿ, ಒಂದೇ ಮಾತು ಹೇಳಿದರು. 'ರಾತ್ರಿ ಎರಡು ಗಂಟೆಗೆ ತೊಂದರೆ ಆದಾಗ ನಿದ್ದೆಗಣ್ಣಲ್ಲಿ ಯಾವುದನ್ನ ಓದಿ ಅರ್ಥ ಮಾಡ್ಕೋತೀರೋ ಅದನ್ನ ತಗೊಳ್ಳಿ.' ಎಸ್‌ಕ್ಯೂಎಲ್ ಎಲ್ಲರಿಗೂ ಬರ್ತಿತ್ತು. ಫ್ಲೈವೇ ತಗೊಂಡ್ವಿ.

ಸಾಧನ ಹಾಕೋದಕ್ಕಿಂತ ಮೊದಲಿನ ಕೆಲಸವೇ ಕಷ್ಟವಾಗಿತ್ತು. ಪ್ರೊಡಕ್ಷನ್‌ನಲ್ಲಿ ನಿಜವಾಗಿ ಇರೋ ಸ್ಕೀಮಾ ತೆಗೆದು, ಗಿಟ್‌ನಲ್ಲಿದ್ದ ಫೈಲ್ ಜೊತೆ ಹೋಲಿಸಿದೆವು. ಹಳೇ ಸರ್ವರ್ ಪುಣ್ಯಕ್ಕೆ ಇನ್ನೂ ಬಂದ್ ಆಗಿರಲಿಲ್ಲ. ಹದಿನೇಳು ವ್ಯತ್ಯಾಸ ಸಿಕ್ಕವು. ಮೂರು ನನ್ನವು. ಉಳಿದ ಹದಿನಾಲ್ಕು ಯಾರವು ಅಂತ ಯಾರೂ ಒಪ್ಪಿಕೊಳ್ಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅವನ್ನೆಲ್ಲ ಸರಿ ಮಾಡಿ, ಅಲ್ಲಿಂದ ಒಂದನೇ ನಂಬರ್ ಅಂತ ಶುರು ಮಾಡಿದೆವು.

ಆಮೇಲೆ ಪ್ರೊಡಕ್ಷನ್ ಪಾಸ್‌ವರ್ಡ್ ನಮ್ಮೆಲ್ಲರ ಕೈಯಿಂದ ತೆಗೆದರು. ನನಗೆ ಸ್ವಲ್ಪ ಅವಮಾನ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಅನಿಸುತ್ತೆ, ಅದು ನನಗೇ ರಕ್ಷಣೆ. ಸಂಜೆ ಏಳು ಗಂಟೆಗೆ 'ಅರ್ಜೆಂಟು' ಅಂತ ಫೋನ್ ಬಂದರೆ, 'ನನ್ನ ಕೈಲಿ ಆಗಲ್ಲ ಸರ್, ಫೈಲ್ ಬರೀತೀನಿ, ಇನ್ನೊಬ್ಬರು ನೋಡ್ತಾರೆ, ಆಮೇಲೆ ಹೋಗುತ್ತೆ' ಅಂತ ಹೇಳೋಕೆ ಒಂದು ಕಾರಣ ಸಿಕ್ಕಿತು.

ತೊಂದರೆ ಇಲ್ವಾ? ಇದೆ. ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನ ಬೇಕು. ಇಬ್ಬರು ಬೇರೆ ಬೇರೆ ಬ್ರ್ಯಾಂಚ್‌ನಲ್ಲಿ ಇಬ್ಬರೂ 42ನೇ ನಂಬರ್ ಕೊಟ್ಟು, ಮರ್ಜ್ ಆದ ಮೇಲೆ ಎಲ್ಲ ನಿಂತುಹೋಗಿದ್ದೂ ಉಂಟು. ಅದಕ್ಕೆ ನಂಬರ್ ಬದಲು ದಿನಾಂಕ, ಸಮಯ ಹಾಕೋಕೆ ಶುರು ಮಾಡಿದೆವು.

ಓಡುತ್ತಿರುವ ಬಸ್ಸಿನ ಟಯರ್

ಕೊನೆಯದಾಗಿ ಒಂದು ವಿಧಾನ, ಇದು ಯಾವ ಸಾಧನಕ್ಕೂ ಅನ್ವಯ. ಜನ ಬಳಸುತ್ತಿರುವಾಗಲೇ ಕಾಲಂ ಬದಲಿಸಬೇಕು ಅಂದ್ರೆ ಒಂದೇ ಏಟಿಗೆ ಮಾಡಬೇಡಿ. ಮೊದಲು ಹಳೆಯದರ ಪಕ್ಕದಲ್ಲಿ ಹೊಸ ಕಾಲಂ ಸೇರಿಸಿ. ಆಮೇಲೆ ಕೋಡ್ ಎರಡಕ್ಕೂ ಬರೆಯುವ ಹಾಗೆ ಮಾಡಿ. ಹಳೇ ಮಾಹಿತಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊಸದಕ್ಕೆ ನಕಲು ಮಾಡಿ. ತಾಳೆ ನೋಡಿ. ಒಟ್ಟು ಮೊತ್ತ ಮಾತ್ರ ಅಲ್ಲ, ಒಂದೊಂದು ಸಾಲೂ ತಾಳೆ ನೋಡಿ, ನಮ್ಮ ಥರ ಮಾಡಬೇಡಿ. ನಂತರ ಓದುವುದನ್ನು ಹೊಸ ಕಾಲಂಗೆ ಬದಲಿಸಿ. ಕೆಲವು ದಿನ ಬಿಟ್ಟು, ಯಾರೂ ಹಳೆಯದನ್ನು ಮುಟ್ಟುತ್ತಿಲ್ಲ ಅಂತ ಖಾತ್ರಿ ಆದ ಮೇಲೆ ಅದನ್ನು ತೆಗೆಯಿರಿ. ಹಳೆಯದನ್ನು ತೆಗೆಯುವವರೆಗೆ ಇದರಲ್ಲಿ ಯಾವ ಹಂತದಲ್ಲಿ ತಪ್ಪಾದರೂ ಹಿಂದಿನ ಹಂತಕ್ಕೆ ಬರಬಹುದು.

ಲಾಕ್ ಬಗ್ಗೆಯೂ ಎಚ್ಚರ. ಪೋಸ್ಟ್‌ಗ್ರೆಸ್‌ನಲ್ಲಿ ಯಾರೋ ಒಬ್ಬರು ದೊಡ್ಡ ರಿಪೋರ್ಟ್ ತೆಗೀತಿದ್ದಾರೆ ಅನ್ನಿ. ನಿಮ್ಮ ಆಲ್ಟರ್ ಟೇಬಲ್ ಅವರ ಹಿಂದೆ ಕ್ಯೂನಲ್ಲಿ ನಿಲ್ಲುತ್ತೆ. ಆಮೇಲೆ ಬರೋ ಎಲ್ಲರೂ ನಿಮ್ಮ ಹಿಂದೆ ನಿಲ್ತಾರೆ. ಬದಲಾವಣೆ ಅರ್ಧ ಸೆಕೆಂಡಿನದೇ ಇರಬಹುದು, ಆದರೆ ಆ್ಯಪ್ ಹತ್ತು ನಿಮಿಷ ಸುತ್ತುತ್ತಾ ಕೂರುತ್ತೆ. ಅದಕ್ಕೆ ಲಾಕ್ ಟೈಮ್‌ಔಟ್ ಇಡಿ, ಸಿಗದಿದ್ದರೆ ಬಿಟ್ಟು ಆಮೇಲೆ ಪ್ರಯತ್ನಿಸಲಿ. ಇಂಡೆಕ್ಸ್ ಕಟ್ಟೋವಾಗ ಕನ್‌ಕರೆಂಟ್ ವಿಧಾನ ಬಳಸಿ. ಅದು ಟ್ರಾನ್ಸಾಕ್ಷನ್ ಒಳಗೆ ಓಡಲ್ಲ, ಹಾಗಾಗಿ ಅದಕ್ಕೆ ಬೇರೆ ಫೈಲ್. ಮೈಎಸ್‌ಕ್ಯೂಎಲ್‌ನ ದೊಡ್ಡ ಟೇಬಲ್‌ಗಳಿಗೆ ಗಿಟ್‌ಹಬ್‌ನವರು ಬರೆದ ಘೋಸ್ಟ್ ಇದೆ, ಪರ್ಕೋನಾದವರ ಸಾಧನವೂ ಇದೆ.

ಹಾಂ, ಗಿಟ್‌ಗೆ ಏನು ಹಾಕಬಾರದು ಅನ್ನೋದೂ ಗೊತ್ತಿರಲಿ. ಪಾಸ್‌ವರ್ಡ್ ಬೇಡ. ಜನರ ನಿಜವಾದ ಮಾಹಿತಿ ಇರೋ ಡೇಟಾಬೇಸ್ ನಕಲು ಬೇಡ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನ ಚರಿತ್ರೆಯಲ್ಲಿ ಅದು ಹಾಗೇ ಕೂತಿರುತ್ತೆ.

ಆ ಅಜ್ಜಿ ಮನೆಗೆ ನಾನೂ ಹೋಗಿದ್ದೆ, ಡೈರಿ ಕಾರ್ಯದರ್ಶಿ ಜೊತೆ. ಬೈತಾರೆ ಅಂದ್ಕೊಂಡಿದ್ದೆ. ಒಂಬತ್ತು ರೂಪಾಯಿ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡರು. ಕಾಫಿ ಕೊಟ್ಟರು. ಹೊರಡೋವಾಗ ತಿದ್ದಿದ ಬಿಲ್ ಕೇಳಿ ಇಸ್ಕೊಂಡು, ಹಳೇ ಬಿಲ್ ಎಸೀದೆ, ಎರಡನ್ನೂ ಅದೇ ಬಿಸ್ಕತ್ ಡಬ್ಬಕ್ಕೆ ಹಾಕಿದರು. 'ಎರಡೂ ಯಾಕಮ್ಮ?' ಅಂದೆ. 'ಮುಂದೆ ಯಾರಾದ್ರೂ ಕೇಳಿದ್ರೆ ತೋರಿಸಬೇಕಲ್ಲ ಮಗ, ಏನು ತಪ್ಪಾಗಿತ್ತು ಅಂತ' ಅಂದರು.

ಇವತ್ತು ಕೇಳಿದವರಿಗೆ ಮೂರು ಹೋಂವರ್ಕ್. ನಾಳೆ ಆಫೀಸಿಗೆ ಹೋಗಿ, ಪ್ರೊಡಕ್ಷನ್ ಸ್ಕೀಮಾನೂ ಗಿಟ್‌ನಲ್ಲಿರೋ ಸ್ಕೀಮಾನೂ ಒಂದೇನಾ ಅಂತ ಹೋಲಿಸಿ ನೋಡಿ. ಬ್ಯಾಕಪ್ ಇದೆ ಅಂತ ಯಾರಾದರೂ ಹೇಳಿದರೆ, ಒಂದು ಖಾಲಿ ಸರ್ವರ್‌ಗೆ ಅದನ್ನ ಹಾಕಿ ತೋರಿಸಿ ಅಂತ ಕೇಳಿ. ಪ್ರೊಡಕ್ಷನ್ ಪಾಸ್‌ವರ್ಡ್ ಎಷ್ಟು ಜನರ ಹತ್ತಿರ ಇದೆ ಅಂತ ಎಣಿಸಿ. ನೀವು ಕಾಲೇಜಿನಲ್ಲಿದ್ದರೆ, ನಿಮ್ಮ ಪ್ರಾಜೆಕ್ಟ್‌ನ ಮೊದಲ ಟೇಬಲ್ ಮೈಗ್ರೇಶನ್ ಫೈಲ್‌ನಿಂದಲೇ ಶುರುವಾಗಲಿ.

ನಿಮ್ಮ ಕಡೆ ಇಂಥ ಎಡವಟ್ಟು ಆಗಿದ್ದರೆ ಕಂಪನಿ ಹೆಸರು ಬಿಟ್ಟು ನಮಗೆ ಬರೆದು ಕಳಿಸಿ, ಮುಂದಿನ ಸಲ ಓದೋಣ.